ಅಪ್ಪನ ಮಂಡಿ ಹಿಂದಿನ ಗಂಟು

ಅಪ್ಪ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುವಾಗ ಮೇಲಿನ ಪಾದ ಸಣ್ಣಗೆ ಕುಣಿಯುತ್ತಿತ್ತು. ಅದು ಅವರ ಚಾಳಿ ಅಂದುಕೊಂಡಿದ್ದೆವು. ಅಮ್ಮನಂತೂ "ಕಾಲು ಕುಣಿಸಬೇಡಿ, ದರಿದ್ರ" ಅಂತ ದಿನಾ ಗೊಣಗುತ್ತಿದ್ದಳು. "ನಾನೆಲ್ಲೇ ಕುಣಿಸ್ತಿದೀನಿ" ಅಂತ ಅಪ್ಪ. ಪಾಪ, ನಿಜವೇ ಹೇಳುತ್ತಿದ್ದರು.

ನಮ್ಮದು ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯಲ್ಲಿ ಒಳಗೆ ಸಣ್ಣ ಕಾಫಿ ತೋಟ. ಹೋದ ವರ್ಷ ಕಾಫಿ ಕುಯ್ಲು ಮುಗಿದು ಮೆಣಸಿಗೆ ಏಣಿ ತೆಗೆಯುವ ಹೊತ್ತು. ಅಪ್ಪನ ಬಲಗಾಲಿನ ಎರಡನೇ ಬೆರಳ ತುದಿ ನೀಲಿಯಾಗಿತ್ತು. ಕಲ್ಲು ತಾಗಿರಬೇಕು ಅಂದರು. ನಾಲ್ಕು ಹೆಜ್ಜೆ ಏರು ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ವಯಸ್ಸು ಅಂದರು. ಅರವತ್ತನಾಲ್ಕು, ಇರಬಹುದು ಅಂತ ನಾವೂ ಸುಮ್ಮನಾದೆವು. ಮಂಡಿಯ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಕಂಡಾಗ ಪಕ್ಕದ ಊರಿನಿಂದ ಎಣ್ಣೆ ತಿಕ್ಕುವವರನ್ನು ಕರೆಸಿದೆವು. ಮೂರು ದಿನ ಚೆನ್ನಾಗಿ ತಿಕ್ಕಿದರು. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ನಾಲ್ಕನೇ ದಿನ ಮೂಡಿಗೆರೆಯ ಡಾಕ್ಟರ ಹತ್ತಿರ ಹೋದೆವು. ಮಂಡಿ ಹಿಂದೆ ನೀರು ತುಂಬಿ ಗಂಟಾಗುವುದು ಮಾಮೂಲು, ಸೂಜಿ ಹಾಕಿ ತೆಗೆಯೋಣ ಅಂತ ಅವರು ಮಾತು ಶುರು ಮಾಡಿದರು. ಆಮೇಲೆ ಗಂಟಿನ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತುಬಿಟ್ಟರು. ನನ್ನ ಕೈಯನ್ನೂ ಎಳೆದು ಅಲ್ಲಿ ಇಡಿಸಿದರು. ಪುಟ್ಟ ಕಪ್ಪೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟ ಹಾಗೆ, ಒಳಗೆ ಡಬ್ ಡಬ್ ಅಂತ ಬಡಿಯುತ್ತಿತ್ತು.

"ಇದಕ್ಕೆ ಸೂಜಿ ಹಾಕಬಾರದು, ಯಾರೂ ತಿಕ್ಕಲೂಬಾರದು. ಇವತ್ತೇ ಚಿಕ್ಕಮಗಳೂರಿಗೆ ಹೋಗಿ ಡಾಪ್ಲರ್ ಮಾಡಿಸಿ, ರಕ್ತದ ಹರಿವು ನೋಡೋ ಸ್ಕ್ಯಾನ್" ಅಂದರು. ಆ ಅಂಗೈಗೆ ನಮ್ಮ ಮನೆಯವರೆಲ್ಲ ಋಣಿಗಳು.

ಸ್ಕ್ಯಾನಿಂಗ್ ಪರದೆಯಲ್ಲಿ ಕೆಂಪು ನೀಲಿ ಬಣ್ಣ ಸುಳಿಸುಳಿಯಾಗಿ ತಿರುಗುತ್ತಿತ್ತು. ತೊಡೆಯಿಂದ ಮಂಡಿಯ ಹಿಂದೆ ಇಳಿದು ಪಾದಕ್ಕೆ ರಕ್ತ ಒಯ್ಯುವ ನಾಳ ಅದು. ಸಾಮಾನ್ಯವಾಗಿ ಒಂದು ಸೆಂಟಿಮೀಟರ್‌ಗಿಂತ ಸಣ್ಣದು, ಅಪ್ಪನದು 2.9 ಸೆಂಟಿಮೀಟರ್ ಊದಿತ್ತು. ಇಂಥ ಊತಕ್ಕೆ ಅನ್ಯೂರಿಸಮ್ ಅನ್ನುತ್ತಾರೆ. ಒಳಗೋಡೆಗೆ, ತೊಟ್ಟಿಗೆ ಪಾಚಿ ಹಿಡಿದ ಹಾಗೆ, ಹೆಪ್ಪುಗಟ್ಟಿದ ರಕ್ತ. ಅದರ ಚೂರುಗಳು ಕಳಚಿ ಕೆಳಗೆ ಹೋಗಿ ಬೆರಳು ನೀಲಿಯಾಗಿತ್ತು. ಹೊಟ್ಟೆಯಲ್ಲಿ ಹೀಗಾದರೆ ಒಡೆಯುವ ಭಯ. ಮಂಡಿಯಲ್ಲಿ ಒಡೆಯುವುದು ಕಡಿಮೆ, ಪೂರ್ತಿ ಕಟ್ಟಿಕೊಳ್ಳುವ ಭಯ ಜಾಸ್ತಿ. ಕಟ್ಟಿಕೊಂಡರೆ ಕಾಲೇ ಹೋಗಬಹುದು.

ಚಾರ್ಮಾಡಿ ಇಳಿದು ಮಂಗಳೂರು ಸೇರಿದೆವು. ಯಾವಾಗ ಆ ಕಡೆ ಹೋದರೂ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನದೆ ಮುಂದೆ ಹೋಗದ ಅಪ್ಪ ಅವತ್ತು ಕಾರಿಂದ ಇಳಿಯಲಿಲ್ಲ.

ರಕ್ತನಾಳದ ಸರ್ಜನ್ ಮೊದಲು ನೋಡಿದ್ದು ನೋವಿದ್ದ ಕಾಲನ್ನಲ್ಲ, ಎಡಗಾಲನ್ನು. ಆಮೇಲೆ ಹೊಟ್ಟೆ ಒತ್ತಿದರು. ಒಂದು ಮಂಡಿಯಲ್ಲಿ ಇದ್ದವರಲ್ಲಿ ಸುಮಾರು ಅರ್ಧ ಜನರಿಗೆ ಇನ್ನೊಂದರಲ್ಲೂ ಇರುತ್ತದಂತೆ, ಹೊಟ್ಟೆಯ ದೊಡ್ಡ ನಾಳದಲ್ಲೂ ಎಷ್ಟೋ ಜನರಿಗೆ ಇರುತ್ತದಂತೆ. ಬರುವುದು ಹೆಚ್ಚಾಗಿ ಗಂಡಸರಿಗೆ, ಅದರಲ್ಲೂ ಹೊಗೆ ಸೇದುವವರಿಗೆ. ಅಪ್ಪ ಜೇಬಿನ ಬೀಡಿ ಕಟ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಹೊಟ್ಟೆ ಸರಿಯಾಗಿತ್ತು. ಎಡಮಂಡಿಯಲ್ಲಿ 1.4.

ದಾರಿ ಎರಡಿದ್ದವು. ತೊಡೆಸಂದಿನಿಂದ ತಂತಿ ತೂರಿಸಿ, ಬಟ್ಟೆ ಹೊದಿಸಿದ ಸ್ಟೆಂಟನ್ನು, ಅಂದರೆ ಜಾಲರಿಯ ಕೊಳವೆಯನ್ನು, ಒಳಗೇ ಕೂರಿಸುವುದು ಒಂದು. ದೊಡ್ಡ ಗಾಯವಿಲ್ಲ, ಬೇಗ ಮನೆಗೆ. ಇನ್ನೊಂದು ಕೊಯ್ದು ಬೈಪಾಸ್. ನಾನು ಸ್ಟೆಂಟ್ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು.

"ಏನು ಕೆಲಸ ಮಾಡ್ತೀರಿ?" ಅಂತ ಸರ್ಜನ್ ಕೇಳಿದರು.

"ಮೆಣಸು ಕುಯ್ತೀನಿ ಸಾರ್. ಸಿಲ್ವರ್ ಓಕಿಗೆ ಏಣಿ ಹಾಕಿ."

"ಕೂತ್ಕೊಳ್ಳೋದು ಹೇಗೆ?"

ಅಪ್ಪ ಅಲ್ಲೇ, ಆ ನುಣುಪು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತೋರಿಸಿದರು. ಸರ್ಜನ್ ನಕ್ಕರು. ಮಂಡಿ ಹೀಗೆ ದಿನಕ್ಕೆ ನೂರು ಸಲ ಮಡಚಿದರೆ ಸ್ಟೆಂಟ್ ಸೊಟ್ಟಗಾಗಬಹುದು, ಮುರಿಯಬಹುದು, ಕಟ್ಟಿಕೊಳ್ಳಬಹುದು. ಹೃದಯ ಗಟ್ಟಿಯಿದೆ, ಆಪರೇಷನ್ ತಡೆಯುತ್ತೀರಿ, ನಿಮ್ಮದೇ ತೊಡೆಯ ನಾಳ ತೆಗೆದು ಹಾಕೋಣ, ಅದೇ ಜಾಸ್ತಿ ಬಾಳಿಕೆ ಅಂದರು. ಗಂಟಿನ ಮೇಲೂ ಕೆಳಗೂ ನಾಳವನ್ನು ಕಟ್ಟಿ, ಪಕ್ಕದಲ್ಲಿ ಹೊಸ ದಾರಿ ಜೋಡಿಸುವುದು. ಕಾಗದದ ಮೇಲೆ ಚಿತ್ರ ಬರೆದರು.

ಅಪ್ಪ ಚಿತ್ರವನ್ನೇ ನೋಡುತ್ತಾ ಕೇಳಿದರು. "ಅಲ್ಲ ಸಾರ್, ತೆಗೆಯೋ ನಾಳ ರಕ್ತ ಮೇಲಕ್ಕೆ ಒಯ್ಯೋದು. ಅದರೊಳಗೆ ವಾಲ್ವ್ ಇರಲ್ವಾ? ಕೆಳಕ್ಕೆ ಹರಿಯೋವಾಗ ಅಡ್ಡ ನಿಲ್ಲಲ್ವಾ?"

ಇಪ್ಪತ್ತು ವರ್ಷ ಹೊಳೆಯ ಪಂಪಿನ ಫುಟ್‌ವಾಲ್ವ್ ರಿಪೇರಿ ಮಾಡಿದ ಮನುಷ್ಯ ನಮ್ಮಪ್ಪ. ಸರ್ಜನ್ ಪೆನ್ನು ಕೆಳಗಿಟ್ಟರು. "ಅದಕ್ಕೇ ತಲೆಕೆಳಗು ಮಾಡಿ ಹೊಲಿಯೋದು" ಅಂದರು. ಅಲ್ಲಿಂದ ಮುಂದೆ ನನ್ನ ಹತ್ತಿರ ಅವರು ಮಾತೇ ಆಡಲಿಲ್ಲ. ಎಲ್ಲ ಅಪ್ಪನ ಜೊತೆಗೇ.

ಆಪರೇಷನ್ ನಾಲ್ಕು ತಾಸು ಹಿಡಿಯಿತು. ಖರ್ಚಿನ ಮಾತು ಬೇಡ, ಆ ವರ್ಷದ ಮೆಣಸು ಅಲ್ಲಿಗೇ ಹೋಯಿತು.

ರಾತ್ರಿ ಹಾಸಿಗೆ ಪಕ್ಕ ಕೂತು ಮೊಬೈಲಲ್ಲಿ ಇದರ ಬಗ್ಗೆಯೇ ಓದಿದೆ. 1785ರಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಅನ್ನುವ ಸರ್ಜನ್ ಒಬ್ಬ ಕುದುರೆಗಾಡಿಯವನ ಮಂಡಿಯ ಇಂಥದೇ ಗಂಟಿಗೆ ತೊಡೆಯಲ್ಲೇ ನಾಳ ಕಟ್ಟಿದನಂತೆ. ಆಗ ಕಾಲು ಕತ್ತರಿಸುವುದೇ ಹೆಚ್ಚು ನಡೆಯುತ್ತಿದ್ದ ದಾರಿ. ಅಕ್ಕಪಕ್ಕದ ಸಣ್ಣ ನಾಳಗಳೇ ಹಿಗ್ಗಿ ರಕ್ತ ಒಯ್ದವು, ಅವನು ನಡೆದುಕೊಂಡು ಮನೆಗೆ ಹೋದ. ಅರಿವಳಿಕೆ ಔಷಧಿಯೇ ಇಲ್ಲದ ಕಾಲ ಅದು. ಅಪ್ಪನಿಗೆ ಬೆಳಿಗ್ಗೆ ಹೇಳಬೇಕು ಅಂದುಕೊಂಡೆ.

ಅಪ್ಪನ ಪಾದದ ಮೇಲೆ ಬಾಲ್ ಪೆನ್ನಿನಲ್ಲಿ ಒಂದು ಗುಣಾಕಾರ ಚಿಹ್ನೆ ಹಾಕಿದ್ದರು. ನಾಡಿ ಸಿಗುವ ಜಾಗ. ಗಂಟೆಗೊಮ್ಮೆ ನರ್ಸ್ ಬಂದು ಅಲ್ಲಿ ಜೆಲ್ ಹಚ್ಚಿ ಪುಟ್ಟ ಯಂತ್ರ ಇಡುತ್ತಿದ್ದರು. ಷೂ... ಷೂ... ಅಂತ ಸದ್ದು. ಬೆಳಗಿನ ಜಾವ ಮೂರಕ್ಕೆ ಬಂದಾಗ ಸದ್ದೇ ಬರಲಿಲ್ಲ. ನನ್ನ ಬಾಯಿ ಒಣಗಿತು. ಅವರು ಯಂತ್ರವನ್ನು ಒಂಚೂರು ಸರಿಸಿದರು. ಷೂ... ಷೂ...

"ಎಂತ ಇಲ್ಲ, ಪಲ್ಸ್ ಉಂಟು. ನೀವು ಮಲಗಿ" ಅಂದು ಹೋದರು. ನಾನು ಬೆಳಗಿನವರೆಗೂ ಆ ಪೆನ್ನಿನ ಗುರುತನ್ನೇ ನೋಡುತ್ತಾ ಕೂತಿದ್ದೆ.

ಈಗ ಅಪ್ಪ ಬೀಡಿ ಬಿಟ್ಟಿದ್ದಾರೆ, ದಿನಾ ಒಂದು ಸಣ್ಣ ಆಸ್ಪಿರಿನ್ ನುಂಗುತ್ತಾರೆ. ಕಾಲ ಮೇಲೆ ಕಾಲು ಹಾಕಿದರೆ ಬಲ ಪಾದ ಮೊದಲಿನ ಹಾಗೆ ಕುಣಿಯುವುದಿಲ್ಲ. ಎಡಗಾಲು ಮಾತ್ರ ಬಾಕಿ. ಎರಡು ಸೆಂಟಿಮೀಟರ್ ಹತ್ತಿರ ಬಂದರೆ ಅದಕ್ಕೂ ಆಪರೇಷನ್, ಅಲ್ಲಿಯವರೆಗೆ ಸ್ಕ್ಯಾನ್ ಮಾಡಿಸುತ್ತಾ ಇರಬೇಕು. ಹೋದ ಸಲ 1.5 ಬಂತು. ಮುಂದಿನದು ಫೆಬ್ರವರಿಯಲ್ಲಿ. ಮೆಣಸು ಮುಗಿದ ಮೇಲೆ ಹೋದರೆ ಆಗಲ್ವಾ ಅಂತ ನಿನ್ನೆಯೂ ಕೇಳಿದರು.