ಸಂಖ್ಯೆಯಿಲ್ಲದ ಕಾಯುವ ಪಟ್ಟಿ

ನಮ್ಮ ಮನೆಯಿಂದ ಆ ಶಾಲೆಯ ಗೇಟಿಗೆ ನಡೆದರೆ ಏಳು ನಿಮಿಷ. ಅಲ್ಲಿಯ ಬೆಳಗಿನ ಪ್ರಾರ್ಥನೆ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದಾಗ, 'ವೇಯ್ಟಿಂಗ್ ಲಿಸ್ಟ್‌ನಲ್ಲಿದ್ದೀರಿ, ಸೀಟು ಉಳಿದರೆ ಕರೆಯುತ್ತೇವೆ' ಎಂದರು. ಎಷ್ಟನೆಯವರೆಂದು ಕೇಳಿದರೆ, ಅದನ್ನು ಹೇಳುವ ಪದ್ಧತಿಯಿಲ್ಲವೆಂಬ ಉತ್ತರ ಬಂತು. ಏಪ್ರಿಲ್‌ವರೆಗೆ ಕಾದು, ಕೊನೆಗೆ ಬೇರೆ ಶಾಲೆಗೆ ಶುಲ್ಕ ಕಟ್ಟಿದೆವು. ಮಾರ್ಚ್‌ನಲ್ಲಿ ಅರ್ಜಿ ಹಾಕಿ, ಹನ್ನೆರಡು ಕಿಲೋಮೀಟರ್ ದೂರದಿಂದ ಬರುವ ಮಗುವಿಗೆ ಅಲ್ಲಿ ಸೀಟು ಸಿಕ್ಕಿದ್ದು ಜೂನ್‌ನಲ್ಲಿ ತಿಳಿಯಿತು. ಆ ಮಗುವಿನ ಅಕ್ಕನೋ ಅಣ್ಣನೋ ಅಲ್ಲೇ ಓದುತ್ತಿರಬಹುದು, ನ್ಯಾಯವಾದ ಕಾರಣವೇ ಇರಬಹುದು. ಆದರೆ ಪಟ್ಟಿ ಕಣ್ಣಿಗೆ ಬೀಳದಿರುವಾಗ ನ್ಯಾಯವಾದ ಕಾರಣವೂ ಶಿಫಾರಸಿನಂತೆಯೇ ಕಾಣುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಪ್ರಕರಣ ಪ್ರವೇಶದ ವೇಳೆ ವಂತಿಗೆಯನ್ನೂ ಮಕ್ಕಳನ್ನು ಸೋಸುವುದನ್ನೂ ನಿಷೇಧಿಸುತ್ತದೆ, ಮತ್ತು ಕಾಯ್ದೆಯ 2ನೇ ಪ್ರಕರಣ ಚೀಟಿ ಎತ್ತುವಂಥ ಯಾದೃಚ್ಛಿಕ ವಿಧಾನದ ಹೊರತು ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸುವ ಯಾವುದೇ ಕ್ರಮವನ್ನು ಸೋಸುವಿಕೆಯೆಂದೇ ಪರಿಗಣಿಸುತ್ತದೆ. ನವೆಂಬರ್ 2010ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು ಅರ್ಜಿದಾರರನ್ನು ಸಮಂಜಸವಾದ ವರ್ಗಗಳಾಗಿ ವಿಂಗಡಿಸಲು ಶಾಲೆಗಳಿಗೆ ಅವಕಾಶ ಕೊಟ್ಟಿತಾದರೂ, ಆ ನೀತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದೂ ಸ್ಪಷ್ಟವಾಗಿ ಹೇಳಿತು. ಹಾಗಿರುವಾಗ, ಆಯ್ಕೆಯ ದಿನ ಪಾಲಿಸಿದ ನಿಯಮ ಸೀಟು ಖಾಲಿಯಾದ ದಿನ ಏಕೆ ಕಳಚಿಕೊಳ್ಳಬೇಕು? ಕೇಂದ್ರೀಯ ವಿದ್ಯಾಲಯಗಳಲ್ಲಿ ಒಂದನೇ ತರಗತಿಗೆ ಲಾಟರಿ ನಡೆಯುತ್ತದೆ, ಕಾಯುವವರ ಪಟ್ಟಿಯೂ ಕ್ರಮಸಂಖ್ಯೆಯ ಸಮೇತ ಪ್ರಕಟವಾಗುತ್ತದೆ. ಅಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೇ ಮೊದಲ ಆದ್ಯತೆಯಾದ್ದರಿಂದ ಅಕ್ಕಪಕ್ಕದವರಿಗೆ ಹೆಚ್ಚು ಸೀಟು ಉಳಿಯುವುದಿಲ್ಲ, ಆದರೆ ತಾವು ಎಲ್ಲಿ ನಿಂತಿದ್ದೇವೆಂಬುದು ಮೊದಲೇ ಗೊತ್ತಿರುತ್ತದೆ.

ನಮಗಾದರೂ ಇನ್ನೊಂದು ಶಾಲೆಗೆ ಶುಲ್ಕ ಕಟ್ಟುವ ಶಕ್ತಿಯಿತ್ತು. ಅದಿಲ್ಲದವರಿಗೆ ಅದೇ ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳಿದ್ದವು; 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಶಾಲೆಯಲ್ಲಿ ಆ ಸೀಟು ಇಲ್ಲವೆಂದಿತು. ಮನೆಗೆ ಹತ್ತಿರದ ಶಾಲೆ ಮಗುವಿಗೆ ಸಿಗಲೆಂದು ಕಾಯ್ದೆಗೆ ಬಂದ 'ನೆರೆಹೊರೆ' ಎಂಬ ಮಾತು ಹೀಗೆ ಬಾಗಿಲು ಮುಚ್ಚುವ ಕಾರಣವಾದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಸ್ಥಳೀಯರಿಗೆಲ್ಲ ಸೀಟು ಕೊಡಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ಸೀಟುಗಳು ಇಲ್ಲವೆಂಬುದು ನನಗೂ ಗೊತ್ತು. ಪ್ರತಿ ಅರ್ಜಿಗೂ ಕ್ರಮಸಂಖ್ಯೆ, ದೂರಕ್ಕೆ ಎಷ್ಟು ಆದ್ಯತೆಯೆಂಬ ವಿವರ, ಸೀಟು ತುಂಬಿದಾಗಲೆಲ್ಲ ಸೂಚನಾ ಫಲಕದಲ್ಲಿ ತಿದ್ದಿದ ಪಟ್ಟಿ, ಶುಲ್ಕ ಕಟ್ಟುವ ಕಾಲಕ್ಕೆ ಮೊದಲೇ ಪಟ್ಟಿ ಮುಕ್ತಾಯವಾಗುವ ದಿನಾಂಕ: ಇಷ್ಟನ್ನೇ ಕೇಳಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ ಬರೆದಿದ್ದೇನೆ. ಮುಂದಿನ ಡಿಸೆಂಬರ್‌ನಲ್ಲಿ ಮಗನ ಅರ್ಜಿ ಹಿಡಿದು ಅದೇ ಗೇಟಿಗೆ ಹೋಗಬೇಕಿದೆ.