ಎರೆಮಣ್ಣಿನ ಕೊಳವೆ, ಆರನೆಯ ಬಿಸಿ: ಮುಳ್ಳು ಕೊನೆಗೂ ಮೇಲೇರಿತು

ನೀರು ತುಂಬಿದ ಎರೆಮಣ್ಣನ್ನು ಮುಚ್ಚಿದ ಕೊಳವೆಯಲ್ಲಿ ಕಾಯಿಸಿದರೆ ಒಳಗಿನ ನೀರಿನ ಒತ್ತಡ ಎಷ್ಟು ಏರುತ್ತದೆಂದು ಮನೆಯಲ್ಲೇ ಅಳೆಯುತ್ತಿದ್ದೇನೆ. ನಿನ್ನೆ ರಾತ್ರಿ ಎರಡು ಗಂಟೆಗೆ ಒತ್ತಡದ ಗೇಜಿನ ಮುಳ್ಳು 2.4 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಮುಟ್ಟಿತು. ಹಿಂದಿನ ಐದು ಪ್ರಯತ್ನಗಳಲ್ಲಿ ಅದು ಅರ್ಧ ಬಾರನ್ನೂ ದಾಟಿರಲಿಲ್ಲ. ಮಣ್ಣು ನೆನೆಸಿದ್ದು, ಪದರ ಪದರವಾಗಿ ಬಡಿದು ತುಂಬಿದ್ದು, ತಾಪ ಅಳೆಯುವ ತಂತಿಯಾದ ಥರ್ಮೋಕಪಲ್ ಕೂರಿಸಿದ್ದು ಎಲ್ಲವೂ ಹಿಂದಿನಂತೆಯೇ. ಕಲಬುರಗಿಯ ಮೇ ತಿಂಗಳ ಹಗಲಿನಲ್ಲಿ ಕೋಣೆಯೇ 40 ಡಿಗ್ರಿ ಕಾಯುವುದರಿಂದ ಕೆಲಸವನ್ನು ರಾತ್ರಿಗೆ ಬದಲಿಸಿದ್ದೆ.

ಅಣುತ್ಯಾಜ್ಯವನ್ನು ಹೂಳಲು ಜೇಡಿಶಿಲೆಯನ್ನು ಆರಿಸುವುದು ಅದು ನೀರನ್ನು ಹರಿಯಗೊಡುವುದಿಲ್ಲವೆಂದು. ಆದರೆ ತ್ಯಾಜ್ಯ ಬಿಸಿಯಾಗಿರುವಷ್ಟು ಕಾಲ ಆ ಗುಣವೇ ತೊಡಕು. ಕಾದ ನೀರು ಖನಿಜದ ಕಣಗಳಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ಅದೂ 20 ಡಿಗ್ರಿಯಲ್ಲಿ ಹಿಗ್ಗುವುದರ ಮೂರರಷ್ಟು 80 ಡಿಗ್ರಿಯಲ್ಲಿ. ದಾರಿ ಸಿಗದ ಆ ನೀರು ರಂಧ್ರಗಳೊಳಗೇ ಒತ್ತಡ ಏರಿಸುತ್ತದೆ. ನಮ್ಮ ಎರೆಮಣ್ಣು ಶಿಲೆಯಲ್ಲ, ಆದರೂ ಅದರಲ್ಲಿ ನೀರು ಹೀರಿ ಉಬ್ಬುವ ಜೇಡಿ ಖನಿಜವಾದ ಸ್ಮೆಕ್ಟೈಟ್ ಹೇರಳವಾಗಿರುವುದರಿಂದ ಈ ಒತ್ತಡವನ್ನು ಮನೆಯಲ್ಲೇ ಕಾಣಬಹುದೆಂದು ನಂಬಿದ್ದೆ.

ಮೊದಲು ಸೋರಿಕೆಯ ಮೇಲೆ ಅನುಮಾನವಿತ್ತು. ಶಾಖ ತಾಳುತ್ತವೆಂದು ಅಂಗಡಿಯವರು ಕೊಟ್ಟ ರಬ್ಬರ್ ಉಂಗುರಗಳು ಎರಡೇ ಬಿಸಿಗೆ ಚಪ್ಪಟೆಯಾದವು. ಬದಲಿ ಕೇಳಲು ಹೋದರೆ, ತಾವೇ ಕೊಡದಿದ್ದ ಬಿಲ್ಲನ್ನು ತೋರಿಸಿರೆಂದರು. ಹೈದರಾಬಾದಿನಿಂದ ಬೇರೆ ಉಂಗುರ ತರಿಸಿದರೂ ಮುಳ್ಳು ಅಲ್ಲೇ ನಿಂತಿತು. ಗೇಜಿಗೆ ಹೋಗುವ ತಾಮ್ರದ ನಳಿಕೆಯನ್ನು ತೆಗೆದು ಪಾರದರ್ಶಕ ನೈಲಾನ್ ನಳಿಕೆ ಹಾಕಿದಾಗ ಕಾರಣ ಕಣ್ಣಿಗೆ ಬಿತ್ತು: ಬಾಗಿನಲ್ಲಿ ಜೋಳದ ಕಾಳಿನಷ್ಟು ಗಾಳಿಗುಳ್ಳೆ. ಮಣ್ಣು ಕಾದಂತೆ ಗುಳ್ಳೆ ಕುಗ್ಗುತ್ತಿತ್ತು, ಹಿಗ್ಗಿದ ನೀರು ಆ ಜಾಗಕ್ಕೆ ಸರಿಯುತ್ತಿತ್ತು, ಮುಳ್ಳು ಹೆಚ್ಚುಕಡಿಮೆ ಅಲುಗುತ್ತಲೇ ಇರಲಿಲ್ಲ. ಆದ್ದರಿಂದ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬಿದೆ. ಮಣ್ಣನ್ನೂ ಒಂದು ದಿನ ವ್ಯಾಕ್ಯೂಮ್ ಪಂಪಿಗೆ ಹಚ್ಚಿಟ್ಟೆ.

ಈ ಬಾರಿ 30ರಿಂದ 70 ಡಿಗ್ರಿಗೆ ನಲವತ್ತು ನಿಮಿಷದಲ್ಲಿ ಏರಿಸಿದಾಗ 2.4 ಬಾರ್ ಬಂದಿತು. ತಾಪವನ್ನು ಅಲ್ಲಿಯೇ ಹಿಡಿದಿಟ್ಟಿದ್ದರೂ ಬೆಳಗಿನ ಜಾವಕ್ಕೆ ಒತ್ತಡ 0.9ಕ್ಕೆ ಇಳಿದಿತ್ತು. ಎಂದರೆ ನೀರಿಗೆ ಸರಿಯಲು ಸಮಯ ಸಿಕ್ಕರೆ ಒತ್ತಡ ಇಳಿಯುತ್ತದೆ; ಎಷ್ಟು ಕಾಯಿಸಿದೆವು ಎಂಬುದರಷ್ಟೇ ಎಷ್ಟು ಬೇಗ ಕಾಯಿಸಿದೆವು ಎಂಬುದೂ ಮುಖ್ಯ. ಬೆಲ್ಜಿಯಂನ ಮೋಲ್‌ನ ನೆಲದಡಿಯ ಪ್ರಯೋಗಾಲಯದಲ್ಲಿ, ಸುಮಾರು 225 ಮೀಟರ್ ಆಳದ ಬೂಮ್ ಎಂಬ ಜೇಡಿಪದರದಲ್ಲಿ 2014ರ ನವೆಂಬರಿನಲ್ಲಿ ಇಂಥದ್ದೇ ಪರೀಕ್ಷೆಗೆ ಹೀಟರ್ ಹಚ್ಚಿದವರು 80 ಡಿಗ್ರಿ ತಲುಪಲು ತಿಂಗಳುಗಳನ್ನೇ ತೆಗೆದುಕೊಂಡದ್ದರ ಅರ್ಥ ನನಗೆ ಈ ಮುಳ್ಳು ಇಳಿಯುವುದನ್ನು ನೋಡುವಾಗ ಹೊಳೆಯಿತು.

ಶಹಾಬಾದ್ ಕಡೆಯಿಂದ ತಂದ ಎರಡು ಶೇಲ್ (ಪದರ ಪದರವಾದ ಜೇಡಿಶಿಲೆ) ತುಂಡುಗಳು ಒಣಗದಂತೆ ಮೇಣ ಸವರಿಸಿಕೊಂಡು ಕಪಾಟಿನಲ್ಲಿ ಕಾಯುತ್ತಿವೆ. ಪದರದ ಗುಂಟ ಶಾಖ ಬೇಗ ಹರಿಯುತ್ತದೆ, ಅಡ್ಡಲಾಗಿ ನಿಧಾನ. ಸ್ವಿಟ್ಜರ್ಲೆಂಡಿನ ಮೋಂಟ್ ಟೆರಿ ಎಂಬ ನೆಲದಡಿಯ ಪ್ರಯೋಗಾಲಯದಲ್ಲಿ, ಒಪಾಲಿನಸ್ ಎಂಬ ಜೇಡಿಶಿಲೆಯಲ್ಲಿ ಹೀಗೆಯೇ ಕಂಡಿದೆ. ಈ ತುಂಡುಗಳಲ್ಲೂ ಅದನ್ನು ನಾಲ್ಕು ಥರ್ಮೋಕಪಲ್‌ಗಳಿಂದ ಅಳೆಯಬೇಕು.

ಅದಕ್ಕೂ ಮೊದಲು ಇನ್ನೊಂದು ಗೇಜ್ ಬೇಕು. ಬೆಳಿಗ್ಗೆ ಕರೆಂಟ್ ಹೋಗಿ ಕೊಳವೆ ತಣಿದಾಗ ನೀರು ಕುಗ್ಗಿ, ಮುಳ್ಳು ಸೊನ್ನೆಯ ಕಡ್ಡಿಗೆ ಒತ್ತಿಕೊಂಡು ನಿಂತಿತು. ಮಣ್ಣಿನ ಹೀರುವಿಕೆಯಿಂದ ಒತ್ತಡ ಸೊನ್ನೆಗಿಂತ ಎಷ್ಟು ಕೆಳಗಿಳಿಯಿತೆಂಬುದನ್ನು ಈ ಗೇಜ್ ತೋರಿಸಲಾರದು.