ತಗಡು, ಡಾಂಬರು ಮತ್ತು ನಮ್ಮನೆ ವೈಫೈ

ಜರ್ಮನಿಯ ಕಾರ್ಲ್ಸ್‌ರೂಹೆಗೆ ಬಂದು ಎರಡು ವರ್ಷವಾಯಿತು. ನಮ್ಮ ಬಾಡಿಗೆ ಮನೆಯಲ್ಲಿ ವೈಫೈ ಅಡುಗೆಮನೆ ತನಕ ಬರುತ್ತಿರಲಿಲ್ಲ. ಸಾರು ಕುದಿಯುವುದನ್ನು ಅಮ್ಮನಿಗೆ ತೋರಿಸೋಣ ಎಂದು ಫೋನ್ ಹಿಡಿದರೆ ಅವಳ ಮುಖ ಹಾಗೇ ನಿಂತುಬಿಡುತ್ತಿತ್ತು. ತಮಾಷೆ ಎಂದರೆ, ವೈಫೈ ಹೊತ್ತು ತರುವ ರೇಡಿಯೋ ಅಲೆಗಳು ನಿಜವಾಗಿಯೂ ಇವೆ ಎಂದು ಭೌತವಿಜ್ಞಾನಿ ಹೈನ್ರಿಖ್ ಹರ್ಟ್ಸ್ ತೋರಿಸಿದ್ದು ಇದೇ ಊರಲ್ಲಿ.

1885ರಿಂದ 1889ರವರೆಗೆ ಅವರು ಇಲ್ಲಿ ಪ್ರೊಫೆಸರ್. ಕ್ಯಾಂಪಸ್‌ನಲ್ಲಿರುವ ಅವರ ಪ್ರತಿಮೆಯ ಮುಂದೆ ಎಷ್ಟೋ ಸಲ ಸೈಕಲ್ ಹೊಡೆದಿದ್ದೇನೆ. ಅವರ ಪ್ರಯೋಗದ ವಿವರ ಓದಿದ್ದು ಮಾತ್ರ ಈಚೆಗೆ.

ಗಾಜು, ಹಿತ್ತಾಳೆ, ನಾಜೂಕು ಯಂತ್ರ ಅಂದುಕೊಂಡಿದ್ದೆ. ನೋಡಿದರೆ ಜಾಸ್ತಿ ಎಲ್ಲ ಬಡಗಿ, ತಗಡಿನ ಕೆಲಸದವರ ಸಾಮಾನು! ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸತುವಿನ ತಗಡನ್ನು ಮರದ ಚೌಕಟ್ಟಿಗೆ ಬಗ್ಗಿಸಿ ಕೂರಿಸಿದ ಕನ್ನಡಿಗಳು. ಒಂದರಲ್ಲಿ ಕಿಡಿ ಹಾರಿಸಿ ಅಲೆ ಕಳಿಸುವುದು, ಇನ್ನೊಂದರಲ್ಲಿ ಹಿಡಿಯುವುದು. ಅಲೆ ಸಿಕ್ಕಿತು ಎಂದು ಹೇಳುವುದೂ ಕಿಡಿಯೇ. ಅದು ಎಷ್ಟು ಸಣ್ಣದೆಂದರೆ, ಕತ್ತಲಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಬೇಕು.

ಬೆಳಕನ್ನು ಬಾಗಿಸುವ ಮುಮ್ಮೂಲೆ ಗಾಜು, ಅಂದರೆ ಪ್ರಿಸಮ್, ಅದರ ಕಥೆಯಂತೂ ಇನ್ನೂ ಚೆನ್ನ. ಅಲೆಯ ಉದ್ದವೇ 66 ಸೆಂಟಿಮೀಟರ್. ಅಂಗೈಯಗಲದ ಗಾಜಿನ ತುಂಡು ಅದಕ್ಕೆ ಯಾವ ಲೆಕ್ಕ? ಹಾಗಾಗಿ ಮರದ ಪೆಟ್ಟಿಗೆಗಳಿಗೆ ಡಾಂಬರಿನಂಥ ಗಟ್ಟಿ ರಾಳ ತುಂಬಿಸಿ, ಒಂದರ ಮೇಲೊಂದಿಟ್ಟು ಒಂದೂವರೆ ಮೀಟರ್ ಎತ್ತರದ ಪ್ರಿಸಮ್ ಮಾಡಿದರು. ತೂಕ ಸುಮಾರು 600 ಕೆ.ಜಿ. ಅದನ್ನು ದಾಟಿದ ಅಲೆ 22 ಡಿಗ್ರಿ ಬಾಗಿತು, ಥೇಟ್ ಬೆಳಕಿನ ಹಾಗೆ. ಬೆಳಕೂ ಇಂಥದೇ ವಿದ್ಯುತ್-ಕಾಂತ ಅಲೆ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಾಗದದ ಮೇಲೆ ಹೇಳಿದ್ದು 1888ರಲ್ಲಿ ಕಣ್ಣೆದುರಿಗೇ ಬಂತು.

ಕೋಣೆಯ ಕಬ್ಬಿಣದ ಕಂಬಗಳು ಹರ್ಟ್ಸ್‌ಗೂ ಕಾಟ ಕೊಟ್ಟಿದ್ದವು, ಅಲೆಗಳಿಗೆ ಅವು ಗೋಡೆಯಿದ್ದಂತೆ. ನೇತಾಡುತ್ತಿದ್ದ ಗ್ಯಾಸ್ ದೀಪಗಳನ್ನೂ ಬಿಚ್ಚಿಸಿದ್ದರು. ಸಹಾಯಕ ನಡುವೆ ನಡೆದುಹೋದರೆ ಸಾಕು, ಕಿಡಿ ಆರುತ್ತಿತ್ತು. ಅವನು ದಾಟಿದ ಮೇಲೆ ಮತ್ತೆ ಹೊತ್ತುತ್ತಿತ್ತು. ಆದರೆ ಮರದ ಬಾಗಿಲು ಮುಚ್ಚಿದರೂ ಪಕ್ಕದ ಕೋಣೆಯಲ್ಲಿ ಕಿಡಿ ಕಾಣಿಸಿತು! ಅದನ್ನು ಕಂಡು ಅವರಿಗೇ ಆಶ್ಚರ್ಯವಾಗಿತ್ತು.

ಇಷ್ಟು ಓದಿದವನು ಎದ್ದು ನಮ್ಮನೆ ಕಡೆ ನೋಡಿದೆ. ರೂಟರ್ ಕೂತಿದ್ದು ಫ್ರಿಜ್ ಹಿಂದೆ. ತಗಡಿನ ಬೀರುವೇ ಅಲ್ವಾ ಅದು! ತೆಗೆದು ಮರದ ಬಾಗಿಲ ಪಕ್ಕ ಇಟ್ಟೆ. ಭಾನುವಾರ ಅಡುಗೆಮನೆಯಿಂದಲೇ ಫೋನ್ ಮಾಡಿದೆ. ಚಿತ್ರ ನಿಲ್ಲಲಿಲ್ಲ. ಅಮ್ಮ ಪಾತ್ರೆಯನ್ನೇ ದಿಟ್ಟಿಸಿ, "ಇದೇನೋ ಸಾರು ಇಷ್ಟು ನೀರಾಗಿದೆ?" ಎಂದಳು.